ಎತ್ತರಕ್ಕಷ್ಟೇ ಅಲ್ಲದ ಹಾರ್ಮೋನು: ಬರ್ನಾರ್ಡೊ ಉಸ್ಸಾಯ್ ಅವರ ಜೀವನ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಹತ್ತನೆಯ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕುಳಿತು ಹಾರ್ಮೋನುಗಳ ಪಾಠವನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಚಾರ್ಟನ್ನು ಶ್ರಮವಹಿಸಿ ಮಾಡಿಕೊಂಡು ಬಂದಿದ್ದರು. ಪಿಟ್ಯುಟರಿ ಗ್ರಂಥಿಯ ಮುಂದೆ ಬೆಳವಣಿಗೆಯ ಹಾರ್ಮೋನು ಎಂದು ಬರೆದು, ಅದರ ಮುಂದೆ ಎರಡೇ ಸಾಲು ಹಾಕಿದ್ದರು: ಕಡಿಮೆಯಾದರೆ ಕುಬ್ಜತೆ, ಹೆಚ್ಚಾದರೆ ದೈತ್ಯತೆ. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಬೆಳೆದು ಮುಗಿದ ದೊಡ್ಡವರಲ್ಲಿ ಈ ಹಾರ್ಮೋನು ಇರುತ್ತದೆಯೇ, ಇದ್ದರೆ ಅದಕ್ಕೇನು ಕೆಲಸ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಒಂದು ಗಳಿಗೆ ತಡೆದು, ಬೆಳವಣಿಗೆ ನಿಂತ ಮೇಲೆ ಅದೂ ನಿಂತುಹೋಗುತ್ತದೆ ಎಂದು ಉತ್ತರಿಸಿ ಮುಂದಿನ ಗ್ರಂಥಿಗೆ ಹೋದರು. ಉತ್ತರ ತಪ್ಪೆಂದು ನನಗೆ ಗೊತ್ತಿತ್ತು. ಆದರೆ ವೀಕ್ಷಣಾ ಪುಸ್ತಕದಲ್ಲಿ ಸರಿಯಾದ ಉತ್ತರ ಬರೆಯಲು ಹೊರಟಾಗ ನನ್ನ ಪೆನ್ನೂ ಅಲ್ಲಿಯೇ ನಿಂತಿತು. ಆ ಪ್ರಶ್ನೆಯ ಬೆನ್ನು ಹತ್ತಿದಾಗ ದೊರೆತದ್ದು ಬರ್ನಾರ್ಡೊ ಉಸ್ಸಾಯ್ ಅವರ ಜೀವನ. ಅವರು ವಿಜ್ಞಾನಿಯಷ್ಟೇ ಅಲ್ಲ, ಬಾಳಿನುದ್ದಕ್ಕೂ ಅಧ್ಯಾಪಕರಾಗಿದ್ದವರು. ಆದ್ದರಿಂದ ಈ ಪತ್ರಿಕೆಯ ಓದುಗರಿಗೆ ಅವರ ಪರಿಚಯ ಆಗಬೇಕೆನಿಸಿತು.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಇಂಗ್ಲಿಷ್ ಕಾಗುಣಿತ ನೋಡಿ ನಾವು ಹೌಸೆ ಎಂದು ಓದುತ್ತೇವೆ. ಅವರ ನಾಡಾದ ಆರ್ಜೆಂಟೀನಾದಲ್ಲಿ ಆರಂಭದ ಹಕಾರವನ್ನು ಉಚ್ಚರಿಸುವುದಿಲ್ಲ. ಅಲ್ಲಿ ಅವರು ಉಸ್ಸಾಯ್.

ಉಸ್ಸಾಯ್ ಹುಟ್ಟಿದ್ದು 1887ರ ಏಪ್ರಿಲ್ 10ರಂದು, ಬ್ಯೂನಸ್ ಐರಿಸ್ ನಗರದಲ್ಲಿ. ತಂದೆತಾಯಿ ಫ್ರಾನ್ಸಿನಿಂದ ವಲಸೆ ಬಂದವರು. ತಂದೆ ವಕೀಲರು, ಮನೆಯಲ್ಲಿ ಎಂಟು ಮಕ್ಕಳು. ಹುಡುಗ ಓದಿನಲ್ಲಿ ಎಷ್ಟು ಮುಂದಿದ್ದನೆಂದರೆ 13ನೆಯ ವಯಸ್ಸಿಗೇ ಶಾಲಾ ವ್ಯಾಸಂಗ ಮುಗಿಸಿ, 14ನೆಯ ವಯಸ್ಸಿಗೆ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗ ಸೇರಿದ. 1904ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿ, ಔಷಧಶಾಸ್ತ್ರದ ಪದವಿ ಕೈಯಲ್ಲಿತ್ತು. ಆಮೇಲೆ ವೈದ್ಯಕೀಯಕ್ಕೆ ಸೇರಿ, ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಲೇ ಓದಿದರು. ವೈದ್ಯಪದವಿ ಕೈಗೆ ಬರುವ ಮೊದಲೇ, 1910ರಲ್ಲಿ, ಪಶುವೈದ್ಯಕೀಯ ಶಾಲೆಯಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ಇಂಥ ಬಾಲಪ್ರತಿಭೆಯ ಕಥೆಗಳನ್ನು ತರಗತಿಯಲ್ಲಿ ಹೇಳುವಾಗ ನನಗೆ ಸ್ವಲ್ಪ ಅಳುಕು. ಮಕ್ಕಳು ಅದನ್ನು ದೂರದ ಪವಾಡವೆಂದುಕೊಂಡು ಬದಿಗಿಡುತ್ತಾರೆ. ಉಸ್ಸಾಯ್ ಅವರಲ್ಲಿ ನಿಜವಾಗಿ ಗಮನಿಸಬೇಕಾದದ್ದು ಈ ಅವಸರವಲ್ಲ. ಒಂದೇ ಪ್ರಶ್ನೆಯನ್ನು ಅರವತ್ತು ವರ್ಷ ಬಿಡದೆ ಹಿಡಿದುಕೊಂಡದ್ದನ್ನು ಗಮನಿಸಬೇಕು.

ಪ್ರಶ್ನೆ ಪಿಟ್ಯುಟರಿ ಗ್ರಂಥಿಯದು. ಮಿದುಳಿನ ಬುಡದಲ್ಲಿ ಸಣ್ಣ ತೊಟ್ಟಿನಿಂದ ತೂಗಿಕೊಂಡಿರುವ ಬಟಾಣಿಕಾಳಿನಷ್ಟು ಗಾತ್ರದ ಈ ಗ್ರಂಥಿಯ ಬಗ್ಗೆ ಆಗ ತಿಳಿದಿದ್ದದ್ದು ಅತ್ಯಲ್ಪ. ಫ್ರಾನ್ಸಿನ ವೈದ್ಯ ಪಿಯರ್ ಮಾರಿ 1886ರಲ್ಲಿ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿದ್ದರು. ವಯಸ್ಕರಾದ ಮೇಲೆ ಕೈಕಾಲು, ದವಡೆ, ಮೂಗು ದಪ್ಪವಾಗುತ್ತಾ ಹೋಗುವ ಆ ಕಾಯಿಲೆಗೆ ಅಕ್ರೊಮೆಗಲಿ ಎಂದು ಹೆಸರು. ಅಂಥ ರೋಗಿಗಳಲ್ಲಿ ಪಿಟ್ಯುಟರಿ ಗ್ರಂಥಿ ಊದಿಕೊಂಡಿರುವುದು ಕಂಡುಬಂತು. ಅವರಲ್ಲಿ ಹಲವರ ಮೂತ್ರದಲ್ಲಿ ಸಕ್ಕರೆಯೂ ಇರುತ್ತಿತ್ತು. ಮೂಳೆ ದಪ್ಪವಾಗುವುದಕ್ಕೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಉಸ್ಸಾಯ್ 1911ರಲ್ಲಿ ತಮ್ಮ ವೈದ್ಯಪದವಿಯ ಪ್ರಬಂಧಕ್ಕೆ ಪಿಟ್ಯುಟರಿಯನ್ನೇ ಆರಿಸಿಕೊಂಡರು. ಅದಕ್ಕೆ ಬಹುಮಾನವೂ ಬಂತು.

ಮುಂದಿನ ಕೆಲವು ವರ್ಷ ಆಸ್ಪತ್ರೆ, ಪ್ರಯೋಗಾಲಯ ಎಂದು ಹಲವು ಕಡೆ ದುಡಿದರು. 1915ರಿಂದ 1919ರವರೆಗೆ ಬ್ಯೂನಸ್ ಐರಿಸ್‌ನ ಬ್ಯಾಕ್ಟೀರಿಯಾ ಅಧ್ಯಯನ ಸಂಸ್ಥೆಯಲ್ಲಿದ್ದಾಗ ಹಾವು, ಜೇಡಗಳ ವಿಷ ಕುರಿತು ಕೆಲಸ ಮಾಡಿದರು. ಇದು ಮುಖ್ಯ ಕಥೆಗೆ ಹೊರಗಿನದೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ನಮ್ಮ ಹೊಲಗದ್ದೆಗಳಲ್ಲಿ ಸಿಗುವ ಕೊಳಕುಮಂಡಲ ಕಚ್ಚಿ ಬದುಕುಳಿದ ಕೆಲವರಲ್ಲಿ ಅದೇ ವಿಷದಿಂದ ಪಿಟ್ಯುಟರಿ ಗ್ರಂಥಿ ಹಾಳಾಗಿರುವುದನ್ನು ಬರ್ಮಾ, ದಕ್ಷಿಣ ಭಾರತಗಳ ವೈದ್ಯರು ಬಹಳ ಕಾಲದ ನಂತರ ಗುರುತಿಸಿದರು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿಯೂ ಈ ಗ್ರಂಥಿ ರಕ್ತವಿಲ್ಲದೆ ಸಾಯುವುದುಂಟು. ಬೆಳವಣಿಗೆಯ ಹಾರ್ಮೋನಿನ ಕೊರತೆ ಪುಟ್ಟ ಮಕ್ಕಳಿಗೆ ಮಾತ್ರ ಬರುವಂಥದ್ದು ಎಂದು ತಿಳಿದಿರುವ ನಮಗೆ ಈ ಎರಡು ಉದಾಹರಣೆ ಸಾಕು. ದೊಡ್ಡವರಾದ ಮೇಲೂ ಅದನ್ನು ಕಳೆದುಕೊಳ್ಳಬಹುದು.

1919ರಲ್ಲಿ ಉಸ್ಸಾಯ್ ಬ್ಯೂನಸ್ ಐರಿಸ್ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ಆ ಕಾಲದ ಅಲ್ಲಿನ ಪ್ರಾಧ್ಯಾಪಕರಲ್ಲಿ ಬಹುಪಾಲು ಮಂದಿ ಬೆಳಿಗ್ಗೆ ಒಂದು ಉಪನ್ಯಾಸ ಕೊಟ್ಟು ತಮ್ಮ ಚಿಕಿತ್ಸಾಲಯಗಳಿಗೆ ಹೋಗುವವರು. ಉಸ್ಸಾಯ್ ಖಾಸಗಿ ವೈದ್ಯವೃತ್ತಿಯನ್ನು ಬಿಟ್ಟು ಪೂರ್ಣಾವಧಿ ಅಧ್ಯಾಪಕರಾದರು. ಆ ವಿಶ್ವವಿದ್ಯಾಲಯಕ್ಕೆ ಅದು ಹೊಸ ವಿಷಯ. ವಿಭಾಗವನ್ನು ಒಂದು ಸಂಶೋಧನಾ ಸಂಸ್ಥೆಯಾಗಿ ಬೆಳೆಸಿದರು. ವಿದ್ಯಾರ್ಥಿ ಕೇಳಿ ಬರೆದುಕೊಂಡರೆ ಶರೀರಕ್ರಿಯಾಶಾಸ್ತ್ರ ಬಾರದು, ಕೈಯಾರೆ ಮಾಡಿ ನೋಡಬೇಕು ಎಂಬುದು ಅವರ ಬೋಧನೆಯ ತಳಹದಿಯಾಗಿತ್ತು. 1920ರಲ್ಲಿ ರಸಾಯನಶಾಸ್ತ್ರಜ್ಞೆ ಮಾರಿಯಾ ಆಂಜೆಲಿಕಾ ಕತಾನ್ ಅವರನ್ನು ಮದುವೆಯಾದರು. ಮೂವರು ಗಂಡುಮಕ್ಕಳೂ ಮುಂದೆ ವೈದ್ಯರಾದರು.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಸುದ್ದಿ ತಲುಪಿದ ಸ್ವಲ್ಪ ಕಾಲದಲ್ಲೇ ಉಸ್ಸಾಯ್ ತಮ್ಮ ಪ್ರಯೋಗಾಲಯದಲ್ಲಿ ಇನ್ಸುಲಿನ್ ತಯಾರಿಸಿಕೊಂಡು, ಪಿಟ್ಯುಟರಿ ತೆಗೆದ ನಾಯಿಗಳ ಮೇಲೆ ಅದರ ಪರಿಣಾಮ ನೋಡಿದರು. ಸಹಜ ನಾಯಿ ಆರಾಮವಾಗಿ ತಾಳಿಕೊಳ್ಳುವಷ್ಟು ಇನ್ಸುಲಿನ್ನಿಗೇ ಈ ನಾಯಿಗಳ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತಿತ್ತು. ಅಂದರೆ ಪಿಟ್ಯುಟರಿಯಲ್ಲಿ ಇನ್ಸುಲಿನ್ನಿಗೆ ಎದುರಾಗಿ ಎಳೆಯುವ ಏನೋ ಒಂದಿರಬೇಕು. ಅದು ಹೋದ ಮೇಲೆ ಇನ್ಸುಲಿನ್ ಅಂಕೆಯಿಲ್ಲದೆ ಕೆಲಸ ಮಾಡುತ್ತಿದೆ. ಊಹೆ ಇಷ್ಟು. ಅದನ್ನು ಸಿದ್ಧಪಡಿಸುವುದು ಹೇಗೆ?

ಇಲ್ಲಿ ಉಸ್ಸಾಯ್ ಹೂಡಿದ ಉಪಾಯವನ್ನು ಪಾಠದಲ್ಲಿ ನಿಧಾನವಾಗಿ ಬಿಡಿಸಬೇಕು, ಏಕೆಂದರೆ ವೈಜ್ಞಾನಿಕ ವಿಧಾನ ಎಂದು ನಾವು ವ್ಯಾಖ್ಯೆ ಬರೆಸುವುದೆಲ್ಲ ಇದರಲ್ಲಿ ಕಣ್ಣಿಗೆ ಕಾಣುತ್ತದೆ. ಮೇದೋಜ್ಜೀರಕ ಗ್ರಂಥಿಯನ್ನು ತೆಗೆದರೆ ಪ್ರಾಣಿಗೆ ತೀವ್ರ ಮಧುಮೇಹ ಬರುತ್ತದೆಂದು 1889ರಿಂದಲೇ ಗೊತ್ತಿತ್ತು. ಹಾಗಾದರೆ ಮೇದೋಜ್ಜೀರಕದ ಜೊತೆಗೆ ಪಿಟ್ಯುಟರಿಯನ್ನೂ ತೆಗೆದರೆ? ಮೊದಲು ನೆಲಗಪ್ಪೆಗಳ ಮೇಲೆ ಪರೀಕ್ಷಿಸಿದರು. ಅವು ಅಲ್ಲಿ ಹೇರಳವಾಗಿ ಸಿಗುತ್ತಿದ್ದವು, ಖರ್ಚಿಲ್ಲ, ಶಸ್ತ್ರಕ್ರಿಯೆ ತಾಳಿಕೊಳ್ಳುತ್ತಿದ್ದವು. ಎರಡೂ ಗ್ರಂಥಿ ಕಳೆದುಕೊಂಡ ಕಪ್ಪೆಗಳಲ್ಲಿ ಮಧುಮೇಹ ತೀರಾ ಸೌಮ್ಯವಾಗಿತ್ತು. ಅದೇ ಕಪ್ಪೆಗಳಿಗೆ ಬೇರೆ ಕಪ್ಪೆಯ ಪಿಟ್ಯುಟರಿಯ ಮುಂಭಾಗವನ್ನು ನೆಟ್ಟಾಗ ಮಧುಮೇಹ ಮತ್ತೆ ಉಲ್ಬಣಿಸಿತು. ತೆಗೆದಾಗ ಹೋಯಿತು, ಮರಳಿ ಕೊಟ್ಟಾಗ ಬಂತು. 1930ರ ಹೊತ್ತಿಗೆ ಸಹೋದ್ಯೋಗಿ ಬಿಯಾಸೊಟ್ಟಿ ಅವರೊಂದಿಗೆ ನಾಯಿಗಳಲ್ಲಿಯೂ ಇದನ್ನು ತೋರಿಸಿದರು. ಮೇದೋಜ್ಜೀರಕವಿಲ್ಲದ ನಾಯಿ ಇನ್ಸುಲಿನ್ ಕೊಡದಿದ್ದರೆ ಕೆಲವು ದಿನಗಳಲ್ಲಿ ಕೃಶವಾಗಿ ಸಾಯುತ್ತಿತ್ತು. ಎರಡೂ ಗ್ರಂಥಿಗಳಿಲ್ಲದ ನಾಯಿ ಅದಕ್ಕಿಂತ ಬಹಳ ಹೆಚ್ಚು ಕಾಲ ಬದುಕುತ್ತಿತ್ತು. ಅಂಥ ಪ್ರಾಣಿಗೆ ಶರೀರಕ್ರಿಯಾಶಾಸ್ತ್ರದ ಪುಸ್ತಕಗಳಲ್ಲಿ ಅವರದೇ ಹೆಸರು ಉಳಿದಿದೆ.

ನಾಯಿಗಳ ವಿಷಯ ಬಂದಾಗ ತರಗತಿ ಮೌನವಾಗುತ್ತದೆ. ನಾನೂ ಇದನ್ನು ಬರೆಯುವಾಗ ಹಗುರವಾಗಿ ಬರೆಯಲಾರೆ. ಪ್ರಾಣಿಗಳಿಗಾದ ನೋವನ್ನು ಮುಚ್ಚಿಟ್ಟು ಫಲಿತಾಂಶ ಮಾತ್ರ ಹೇಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇಂದು ಇಂಥ ಪ್ರಯೋಗಗಳಿಗೆ ನೈತಿಕ ಸಮಿತಿಯ ಅನುಮತಿ ಬೇಕೆಂಬುದನ್ನೂ, ಇನ್ಸುಲಿನ್ ಸೇರಿದಂತೆ ನಮ್ಮ ಮನೆಗಳ ಫ್ರಿಜ್ಜಿನಲ್ಲಿರುವ ಔಷಧಿಗಳ ಹಿಂದೆ ಈ ನಾಯಿಗಳಿವೆ ಎಂಬುದನ್ನೂ ಒಟ್ಟಿಗೇ ಹೇಳಿ, ಮಕ್ಕಳು ವಾದ ಮಾಡಿದರೆ ಮಾಡಲಿ ಎಂದು ಬಿಡಬೇಕು.

ಈ ಪ್ರಾಣಿಗಳಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ಪಿಟ್ಯುಟರಿ ಇಲ್ಲದ ಪ್ರಾಣಿಯನ್ನು ಉಪವಾಸ ಕೆಡವಿದರೆ ಅದರ ರಕ್ತದ ಸಕ್ಕರೆ ಬೇಗನೆ ಇಳಿದುಹೋಗುತ್ತಿತ್ತು. ಸಹಜ ಪ್ರಾಣಿ ಉಪವಾಸವಿದ್ದಾಗ ಕೂಡಿಟ್ಟ ಕೊಬ್ಬನ್ನು ಕರಗಿಸಿ ಉರಿಸಿಕೊಂಡು ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ. ಪಿಟ್ಯುಟರಿ ಇಲ್ಲದ್ದಕ್ಕೆ ಅದು ಸರಿಯಾಗಿ ಆಗುತ್ತಿರಲಿಲ್ಲ. ಎರಡೂ ಗ್ರಂಥಿಯಿಲ್ಲದ ನಾಯಿಗಳಲ್ಲಿ, ತೀವ್ರ ಮಧುಮೇಹದಲ್ಲಿ ಕೊಬ್ಬು ಅತಿಯಾಗಿ ಉರಿದಾಗ ಬರುವ ಕೀಟೋನುಗಳೂ ಕಡಿಮೆಯಿದ್ದವು. ಪಿಟ್ಯುಟರಿಯ ಮುಂಭಾಗಕ್ಕೆ ಸಕ್ಕರೆಯ ಮೇಲಷ್ಟೇ ಅಲ್ಲ, ಕೊಬ್ಬಿನ ಉಗ್ರಾಣದ ಮೇಲೂ ಹಿಡಿತವಿತ್ತು. ಇನ್ಸುಲಿನ್ ಉಗ್ರಾಣಕ್ಕೆ ತುಂಬುತ್ತದೆ, ಪಿಟ್ಯುಟರಿ ಉಗ್ರಾಣದಿಂದ ತೆಗೆಸುತ್ತದೆ. ನಮ್ಮ ಹುಡುಗಿಯ ಪ್ರಶ್ನೆಯ ಉತ್ತರದ ಬೀಜ ಇಲ್ಲಿದೆ.

ಈ ಕೆಲಸ ಜಗತ್ತಿನ ಗಮನ ಸೆಳೆದಿದ್ದ ಹೊತ್ತಿನಲ್ಲೇ ಉಸ್ಸಾಯ್ ಕೆಲಸ ಕಳೆದುಕೊಂಡರು. 1943ರಲ್ಲಿ ಆರ್ಜೆಂಟೀನಾದಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಸಂವಿಧಾನಬದ್ಧ ಪ್ರಜಾಪ್ರಭುತ್ವವನ್ನು ಮರಳಿ ತರಬೇಕೆಂದು ಕೋರಿದ ಹೇಳಿಕೆಯೊಂದಕ್ಕೆ ದೇಶದ ಸುಮಾರು 150 ಗಣ್ಯರು ಸಹಿ ಹಾಕಿದರು. ಅವರಲ್ಲಿ ಉಸ್ಸಾಯ್ ಒಬ್ಬರು. ಸಹಿ ಹಾಕಿದವರಲ್ಲಿ ಸರ್ಕಾರದ ಸಂಬಳದಲ್ಲಿದ್ದವರನ್ನು ವಜಾ ಮಾಡಲಾಯಿತು. ಇಪ್ಪತ್ತನಾಲ್ಕು ವರ್ಷ ಕಟ್ಟಿದ ಸಂಸ್ಥೆಯ ಬಾಗಿಲು ಒಂದು ಸಹಿಯಿಂದ ಮುಚ್ಚಿತು. ಹಲವು ಶಿಷ್ಯರು ಪ್ರತಿಭಟಿಸಿ ತಾವಾಗಿಯೇ ರಾಜೀನಾಮೆ ಕೊಟ್ಟರು. ಹೊರದೇಶಗಳಿಂದ ಆಹ್ವಾನಗಳು ಬಂದವು. ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ದೇಶದಲ್ಲಿ ವಿಜ್ಞಾನ ಬೆಳೆಯಬೇಕಾದರೆ ಇಲ್ಲಿಯೇ ಇರಬೇಕು ಎಂಬುದು ಅವರ ನಿಲುವು.

1944ರ ಮಾರ್ಚಿನಲ್ಲಿ, ಸೌಬೆರಾನ್ ಪ್ರತಿಷ್ಠಾನ ಎಂಬ ಖಾಸಗಿ ದತ್ತಿಯ ನೆರವಿನಿಂದ, ಬ್ಯೂನಸ್ ಐರಿಸ್‌ನ ಕೋಸ್ಟಾ ರಿಕಾ ಬೀದಿಯ ಒಂದು ಮನೆಯಲ್ಲಿ ಹೊಸ ಪ್ರಯೋಗಾಲಯ ಆರಂಭವಾಯಿತು. ಹೆಸರು ಜೀವಶಾಸ್ತ್ರ ಮತ್ತು ಪ್ರಾಯೋಗಿಕ ವೈದ್ಯಕೀಯ ಸಂಸ್ಥೆ ಎಂದು ದೊಡ್ಡದು; ಇದ್ದದ್ದು ವಾಸದ ಮನೆಯ ಕೋಣೆಗಳು. ವಿಶ್ವವಿದ್ಯಾಲಯದಿಂದ ಹೊರಬಿದ್ದ ಶಿಷ್ಯರು ಅಲ್ಲಿ ಸೇರಿದರು. ಗುರುಶಿಷ್ಯರು ಒಟ್ಟಾಗಿ ಬರೆದ ಶರೀರಕ್ರಿಯಾಶಾಸ್ತ್ರದ ದೊಡ್ಡ ಪಠ್ಯಪುಸ್ತಕ ಈ ವರ್ಷಗಳಲ್ಲೇ ಹೊರಬಂದು, ಇಂಗ್ಲಿಷ್ ಮೊದಲಾದ ಭಾಷೆಗಳಿಗೂ ಹೋಯಿತು. 1945ರಲ್ಲಿ ಕ್ಷಮಾದಾನವಾಗಿ ಉಸ್ಸಾಯ್ ಹುದ್ದೆಗೆ ಮರಳಿದರು. 1946ರಲ್ಲಿ ಪೆರೋನ್ ಅವರ ಆಡಳಿತ ಬಂದ ಮೇಲೆ ಕಡ್ಡಾಯ ನಿವೃತ್ತಿಯ ಹೆಸರಿನಲ್ಲಿ ಮತ್ತೆ ಹೊರಗೆ ಕಳುಹಿಸಲಾಯಿತು. ಮತ್ತೆ ಅದೇ ಮನೆ.

1947ರಲ್ಲಿ ಶರೀರಕ್ರಿಯಾಶಾಸ್ತ್ರ ಅಥವಾ ವೈದ್ಯಕೀಯದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ, ಸಕ್ಕರೆಯ ಚಯಾಪಚಯದಲ್ಲಿ ಪಿಟ್ಯುಟರಿಯ ಮುಂಭಾಗದ ಹಾರ್ಮೋನಿನ ಪಾತ್ರವನ್ನು ಕಂಡುಹಿಡಿದದ್ದಕ್ಕಾಗಿ, ಈ ಮನೆಯ ಪ್ರಾಧ್ಯಾಪಕರಿಗೆ ಬಂತು. ಇನ್ನರ್ಧ ಅಮೆರಿಕದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳಿಗೆ. ಲ್ಯಾಟಿನ್ ಅಮೆರಿಕದ ಒಬ್ಬರಿಗೆ ವಿಜ್ಞಾನದಲ್ಲಿ ನೊಬೆಲ್ ಬಂದದ್ದು ಅದೇ ಮೊದಲು. ಸರ್ಕಾರದ ಪರವಾದ ಪತ್ರಿಕೆಗಳು ಅದನ್ನು ರಾಜಕೀಯ ಪ್ರಶಸ್ತಿಯೆಂದು ಹೀಗಳೆದವು.

ಇಷ್ಟಾದರೂ ಇನ್ಸುಲಿನ್ನಿನ ಆ ಎದುರಾಳಿ ಯಾವುದೆಂದು ಖಚಿತವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಹರ್ಬರ್ಟ್ ಇವಾನ್ಸ್ 1921ರಲ್ಲೇ ಪಿಟ್ಯುಟರಿಯ ಸಾರ ಚುಚ್ಚಿ ಇಲಿಗಳನ್ನು ದೈತ್ಯಗಾತ್ರಕ್ಕೆ ಬೆಳೆಸಿದ್ದರು. 1944ರಲ್ಲಿ ಅವರೂ ಚೋ ಹಾವ್ ಲೀ ಅವರೂ ಸೇರಿ ದನದ ಪಿಟ್ಯುಟರಿಯಿಂದ ಬೆಳವಣಿಗೆಯ ಹಾರ್ಮೋನನ್ನು ಬೇರ್ಪಡಿಸಿದರು. 1949ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಯಂಗ್ ತಂಡವೂ ಉಸ್ಸಾಯ್ ಅವರ ಪ್ರಯೋಗಾಲಯವೂ ಶುದ್ಧೀಕರಿಸಿದ ಬೆಳವಣಿಗೆಯ ಹಾರ್ಮೋನೇ ಪ್ರಾಣಿಗಳಲ್ಲಿ ಮಧುಮೇಹ ತರಬಲ್ಲದೆಂದು ತೋರಿಸಿದವು. ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಮತ್ತೊಂದು ಪಿಟ್ಯುಟರಿ ಹಾರ್ಮೋನಿಗೂ ಇದರಲ್ಲಿ ಪಾಲಿತ್ತು. ಆದರೆ ಎತ್ತರ ಬೆಳೆಸುವ ಹಾರ್ಮೋನೇ ಇನ್ಸುಲಿನ್ನಿಗೆ ಎದುರಾಗಿ ನಿಲ್ಲುತ್ತದೆಂಬುದು ಸ್ಪಷ್ಟವಾಯಿತು. ಅಕ್ರೊಮೆಗಲಿ ರೋಗಿಗಳ ಮೂತ್ರದಲ್ಲಿ ಸಕ್ಕರೆ ಏಕಿತ್ತೆಂಬ ಹಳೆಯ ಒಗಟೂ ಬಿಡಿಸಿಕೊಂಡಿತು.

ಮನುಷ್ಯರಿಗೆ ದನದ ಹಾರ್ಮೋನು ಹಿಡಿಯುವುದಿಲ್ಲ. ಮಾನವ ಪಿಟ್ಯುಟರಿಯಿಂದಲೇ ತೆಗೆಯಬೇಕು. ಅಂಥ ಹಾರ್ಮೋನನ್ನು ಲೀ 1956ರಲ್ಲಿ ಬೇರ್ಪಡಿಸಿದರು. 1958ರಲ್ಲಿ ಬೋಸ್ಟನ್ನಿನ ವೈದ್ಯ ಮಾರಿಸ್ ರೇಬೆನ್ ಅದನ್ನು ಕೊಟ್ಟು ಕುಬ್ಜತೆಯ ರೋಗಿಯೊಬ್ಬನ ಎತ್ತರ ಹೆಚ್ಚಿದ್ದನ್ನು ವರದಿ ಮಾಡಿದರು. ಮರುವರ್ಷ ಅವರೂ ಹೊಲೆನ್‌ಬರ್ಗ್ ಅವರೂ, ಈ ಹಾರ್ಮೋನು ಕೊಟ್ಟರೆ ರಕ್ತದಲ್ಲಿ ಕೊಬ್ಬಿನಾಮ್ಲ ಏರುತ್ತದೆಂದು ತೋರಿಸಿದರು. ಅಂದರೆ ಉಗ್ರಾಣದ ಕೊಬ್ಬು ಬಿಡುಗಡೆಯಾಗುತ್ತಿದೆ. ಆದರೆ ಹಾರ್ಮೋನು ಸಿಗುತ್ತಿದ್ದದ್ದು ಸತ್ತವರ ಪಿಟ್ಯುಟರಿಗಳಿಂದ, ಗುಲಗಂಜಿ ತೂಕದಲ್ಲಿ. ಇದ್ದಷ್ಟನ್ನು ಮಕ್ಕಳಿಗೆ ಮೀಸಲಿಡಬೇಕಾಯಿತು. ಮಕ್ಕಳು ಸಾಕಷ್ಟು ಎತ್ತರವಾದ ಮೇಲೆ ಚುಚ್ಚುಮದ್ದು ನಿಲ್ಲಿಸುತ್ತಿದ್ದರು. ದೊಡ್ಡವರಿಗೆ ಅದು ಬೇಡವೆಂಬ ನಂಬಿಕೆ ಹುಟ್ಟಿದ್ದಕ್ಕೆ ಈ ಕೊರತೆಯೂ ಒಂದು ಕಾರಣವಿರಬೇಕೆಂದು ನನಗನ್ನಿಸುತ್ತದೆ. ನಮ್ಮ ಚಾರ್ಟಿನ ಎರಡು ಸಾಲಿಗೂ ಬಹುಶಃ ಅಲ್ಲಿಯದೇ ನೆರಳು.

1955ರಲ್ಲಿ ಪೆರೋನ್ ಪದಚ್ಯುತರಾದ ಮೇಲೆ ಉಸ್ಸಾಯ್ ವಿಶ್ವವಿದ್ಯಾಲಯಕ್ಕೆ ಮರಳಿದರು. ಆಗ ಅವರಿಗೆ 68 ವರ್ಷ. 1958ರಲ್ಲಿ ದೇಶದ ವಿಜ್ಞಾನ ಮತ್ತು ತಾಂತ್ರಿಕ ಸಂಶೋಧನಾ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ, ಕೊನೆಯವರೆಗೂ ಅದನ್ನು ನಡೆಸಿದರು. 1962ರಲ್ಲಿ ಪತ್ನಿ ತೀರಿಕೊಂಡರು. ಅವರ ಕೈಕೆಳಗೆ ಪ್ರಬಂಧ ಬರೆದು, 1943ರ ವಜಾ ವಿರೋಧಿಸಿ ಹುದ್ದೆ ಬಿಟ್ಟು, ಕೆಲಕಾಲ ಕೋರಿ ದಂಪತಿಗಳ ಪ್ರಯೋಗಾಲಯದಲ್ಲಿದ್ದು, ಮರಳಿ ಕೋಸ್ಟಾ ರಿಕಾ ಬೀದಿಯ ಮನೆಗೇ ಬಂದಿದ್ದ ಶಿಷ್ಯ ಲೂಯಿಸ್ ಲೆಲ್ವಾರ್‌ಗೆ 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುರು ಅದನ್ನು ಕಣ್ಣಾರೆ ಕಂಡರು. 1971ರ ಸೆಪ್ಟೆಂಬರ್ 21ರಂದು ಉಸ್ಸಾಯ್ ನಿಧನರಾದರು.

ಅವರು ಕಾಣದ ಭಾಗ ಇನ್ನು ಸ್ವಲ್ಪವಿದೆ. 1985ರಲ್ಲಿ, ಸತ್ತವರ ಗ್ರಂಥಿಯಿಂದ ತೆಗೆದ ಹಾರ್ಮೋನು ಪಡೆದಿದ್ದ ಕೆಲವರಲ್ಲಿ ಮಾರಣಾಂತಿಕ ಮಿದುಳು ಕಾಯಿಲೆ ಕಂಡುಬಂದು ಅದರ ಬಳಕೆ ನಿಂತಿತು. ಅದೇ ವರ್ಷ ತಳಿ ತಂತ್ರಜ್ಞಾನದಿಂದ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಈಗ ಬೇಕಾದಷ್ಟು ದೊರೆಯುವಂತಾದ್ದರಿಂದ ದೊಡ್ಡವರಿಗೂ ಕೊಟ್ಟು ನೋಡಲು ಸಾಧ್ಯವಾಯಿತು. 1989ರಲ್ಲಿ ಲಂಡನ್ನಿನ ವೈದ್ಯರು, ಈ ಹಾರ್ಮೋನಿನ ಕೊರತೆಯಿದ್ದ 24 ವಯಸ್ಕರಲ್ಲಿ ಕೆಲವರಿಗೆ ಹಾರ್ಮೋನನ್ನೂ ಉಳಿದವರಿಗೆ ಔಷಧವಿಲ್ಲದ ಚುಚ್ಚುಮದ್ದನ್ನೂ ಆರು ತಿಂಗಳು ಕೊಟ್ಟು ಹೋಲಿಸಿದರು. ಹಾರ್ಮೋನು ಪಡೆದವರ ದೇಹದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಆದರೆ ಒಳಗೆ ಸರಾಸರಿ 5.7 ಕಿಲೋ ಕೊಬ್ಬು ಇಳಿದಿತ್ತು, ಸ್ನಾಯು ಮೊದಲಾದ ಕೊಬ್ಬಿಲ್ಲದ ಭಾಗ 5.5 ಕಿಲೋ ಏರಿತ್ತು. ಕೊಲೆಸ್ಟೆರಾಲ್ ಕೂಡ ತಗ್ಗಿತ್ತು. ತಕ್ಕಡಿಯನ್ನಷ್ಟೇ ನಂಬಿದ್ದರೆ ಔಷಧ ಕೆಲಸ ಮಾಡಲಿಲ್ಲವೆಂದೇ ಬರೆಯಬೇಕಾಗುತ್ತಿತ್ತು. ಮಾಪನದ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊರತೆಯಿರುವ ವಯಸ್ಕರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಕೂಡುವುದು, ಸ್ನಾಯು ಸೊರಗುವುದು, ಬೇಗ ದಣಿವಾಗುವುದು ಇವೆಲ್ಲ ಹಾರ್ಮೋನು ಪೂರೈಸಿದಾಗ ಎಷ್ಟೋ ಮಟ್ಟಿಗೆ ಹಿಂದೆ ಸರಿಯುತ್ತವೆ. ಜೊತೆಗೆ ಚಿಕಿತ್ಸೆ ನೀಡುವ ವೈದ್ಯರು ಆಗಾಗ ರಕ್ತದ ಸಕ್ಕರೆ ಪರೀಕ್ಷಿಸುತ್ತಾರೆ. ಕೊಬ್ಬು ಕರಗಿಸುವ ಕೈಯೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬಂದು ಸಕ್ಕರೆಯನ್ನು ಏರಿಸಬಹುದು. ನಾಯಿಗಳಲ್ಲಿ ಉಸ್ಸಾಯ್ ಕಂಡದ್ದೂ ಇದೇ ಹಗ್ಗಜಗ್ಗಾಟ. ಈ ಮಾತು ಹೇಳುವಾಗ ಒಂದು ಎಚ್ಚರ ಬೇಕು. ಜಿಮ್ಮಿಗೆ ಹೋಗುವ ಹುಡುಗರು ತರಗತಿಯಲ್ಲಿರುತ್ತಾರೆ. ಕೊರತೆಯೇ ಇಲ್ಲದವರು ತೆಳ್ಳಗಾಗಲೆಂದೋ ಮೈಕಟ್ಟಿಗೆಂದೋ ಇದನ್ನು ಚುಚ್ಚಿಸಿಕೊಳ್ಳುವುದು ಅಪಾಯ, ಕ್ರೀಡೆಯಲ್ಲಿ ನಿಷೇಧವೂ ಇದೆ ಎಂದು ಅದೇ ಉಸಿರಿನಲ್ಲಿ ಹೇಳಬೇಕು.

ಆ ಪ್ರಶಿಕ್ಷಣಾರ್ಥಿಗೆ ಇದನ್ನೆಲ್ಲ ಹೇಳಿದೆ. ಪುನರಾವರ್ತನೆಯ ಪಾಠದ ದಿನ ಅವರು ಮೊದಲು ತಮ್ಮ ಹಿಂದಿನ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಂಡರು. ರಾತ್ರಿ ಊಟವಾದ ಮೇಲೆ ಬೆಳಗಿನ ತಿಂಡಿಯವರೆಗೆ ನಮ್ಮ ದೇಹ ಯಾವುದರಿಂದ ನಡೆಯುತ್ತದೆ ಎಂದು ತರಗತಿಯನ್ನು ಕೇಳಿದರು. ಗಾಢ ನಿದ್ರೆಯಲ್ಲಿ, ಉಪವಾಸದಲ್ಲಿ ದೊಡ್ಡವರಲ್ಲೂ ಈ ಹಾರ್ಮೋನು ಏರಿ ಕೊಬ್ಬನ್ನು ಬಿಡಿಸುತ್ತದೆಂದು ವಿವರಿಸಿದರು. ಚಾರ್ಟಿನಲ್ಲಿ ಜಾಗವಿರಲಿಲ್ಲ; ಮೂರನೆಯ ಸಾಲನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದ್ದರು.